‘8ಕೆ’ ಎಂದು ಅಚ್ಚಾದ ಕೇಬಲ್ ನಂಬಿ ಹಣ ಕಳೆದುಕೊಳ್ಳಬೇಡಿ

4ಕೆ ಮಾನಿಟರಿಗೆ ಉದ್ದದ ಎಚ್‌ಡಿಎಂಐ ಕೇಬಲ್ (ಕಂಪ್ಯೂಟರಿನಿಂದ ಪರದೆಗೆ ಚಿತ್ರ ಒಯ್ಯುವ ತಂತಿ) ಕೊಳ್ಳಲು ಹೊರಟಿರುವವರು ಪೆಟ್ಟಿಗೆಯ ಮೇಲಿನ ‘8ಕೆ’, ‘2.1’, ‘48 ಜಿಬಿಪಿಎಸ್’ (ಸೆಕೆಂಡಿಗೆ 48 ಗಿಗಾಬಿಟ್) ಎಂಬ ಯಾವ ಬರಹವನ್ನೂ ನಂಬಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಇವಿಷ್ಟೂ ಅಚ್ಚಾಗಿದ್ದ 5 ಮೀಟರಿನ ಕೇಬಲನ್ನು ನನಗೆ ಮಾರಿದರು. ನನ್ನ ಮಾನಿಟರ್ 144 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದು. ಅದರ ಜೊತೆಗೇ ಬಂದಿದ್ದ ಗಿಡ್ಡ ಕೇಬಲಿನಲ್ಲಿ 144 ಸಲೀಸಾಗಿ ಓಡುತ್ತದೆ. ಈ ಹೊಸದನ್ನು ಹಾಕಿದರೆ ಪರದೆ ಕಪ್ಪಾಗುತ್ತದೆ, ಬರುತ್ತದೆ, ಮತ್ತೆ ಕಪ್ಪಾಗುತ್ತದೆ. 60ಕ್ಕೆ ಇಳಿಸಿದರೆ ಮಾತ್ರ ಚಿತ್ರ ನಿಲ್ಲುತ್ತದೆ.

ಹಿಂದಕ್ಕೆ ಒಯ್ದಾಗ ಅಂಗಡಿಯವರು ಮೊದಲು ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತಂತ್ರಾಂಶದ ಮೇಲೆ ತಪ್ಪು ಹೊರಿಸಿದರು. ಗಿಡ್ಡ ಕೇಬಲಿನಲ್ಲಿ ಸರಿಯಾಗಿ ಬರುತ್ತಿದೆಯಲ್ಲ ಎಂದರೆ, “ಹಾಗಾದ್ರೆ ಅದನ್ನೇ ಹಾಕ್ಕೊಳ್ಳಿ ಸಾರ್” ಎಂಬ ಉತ್ತರ. ಆಮೇಲಿನದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೌಂಟರಿನಲ್ಲಿ ನಿಂತಿದ್ದ ಗಿರಾಕಿಗಳ ಎದುರಿಗೇ ಅದೇ ಕೇಬಲನ್ನು ಗೋಡೆಯ ಟಿವಿಗೆ ಸಿಕ್ಕಿಸಿ, 4ಕೆ ವಿಡಿಯೊ ಓಡಿಸಿ, “ಪಿಕ್ಚರ್ ಬರ್ತಿದೆ ಅಲ್ವಾ? ಡಿಜಿಟಲ್ ಸಾರ್ ಇದು, ಬಂದ್ರೆ ಪೂರ್ತಿ ಬರುತ್ತೆ, ಇಲ್ಲಾಂದ್ರೆ ಇಲ್ಲ” ಎಂದರು. ನಿಂತವರು ನಕ್ಕರು. ನಾನು ಕೇಬಲ್ ಸುತ್ತಿಕೊಂಡು ಹೊರಬಂದೆ.

ಆ ಟಿವಿ 60 ಹರ್ಟ್ಸ್‌ನದು. ಮೋಸವಿದ್ದದ್ದು ಅಲ್ಲೇ. 4ಕೆ ಪರದೆಯ 3840 × 2160 ಚುಕ್ಕೆಗಳನ್ನು ಚುಕ್ಕೆಗೆ 24 ಬಿಟ್‌ನಂತೆ ಸೆಕೆಂಡಿಗೆ 60 ಸಲ ಕಳುಹಿಸಲು ಸುಮಾರು 12 ಗಿಗಾಬಿಟ್ ಸಾಕು. 18 ಗಿಗಾಬಿಟ್ ದರ್ಜೆಯ ಹಳೆಯ ಕೇಬಲ್ ಕೂಡ ಅದನ್ನು ಹೊರುತ್ತದೆ. 144 ಸಲ ಕಳುಹಿಸಬೇಕೆಂದರೆ, ಮಾಹಿತಿಯನ್ನು ಕುಗ್ಗಿಸದಿದ್ದಲ್ಲಿ, ಚಿತ್ರದ ಚುಕ್ಕೆಗಳಿಗೇ 28 ಗಿಗಾಬಿಟ್ ದಾಟುತ್ತದೆ, ಅದರ ಮೇಲೆ ಸಾಗಣೆಗೆ ಬೇಕಾದ ಸಂಕೇತಗಳ ಹೊರೆ ಬೇರೆ. ನಾನು ದೂರಿದ್ದು 144ರ ಬಗ್ಗೆ, ಅವರು ತೋರಿಸಿದ್ದು 60ನ್ನು! ದಿನವಿಡೀ ಗೇಮಿಂಗ್ ಮಾನಿಟರ್ ಮಾರುವವರಿಗೆ ಇದು ತಿಳಿದಿರಲಿಲ್ಲವೆಂದು ನಾನಂತೂ ನಂಬುವುದಿಲ್ಲ.

ಎಚ್‌ಡಿಎಂಐ ನಿಯಮದಲ್ಲಿ ಕೇಬಲ್‌ಗಳನ್ನು ‘2.1’ ಎಂಬ ಆವೃತ್ತಿ ಸಂಖ್ಯೆಯಿಂದ ಮಾರುವಂತೆಯೇ ಇಲ್ಲ. 48 ಗಿಗಾಬಿಟ್‌ಗೆ ಪರೀಕ್ಷೆಯಾದದ್ದಕ್ಕೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ ಹೆಸರಿದ್ದು, ಪೆಟ್ಟಿಗೆಯ ಮೇಲೆ ಫೋನಿನಲ್ಲಿ ಸ್ಕ್ಯಾನ್ ಮಾಡಬಹುದಾದ ಪ್ರಮಾಣಪತ್ರದ ಚೀಟಿ ಇರಬೇಕು. ನನ್ನ ಪೆಟ್ಟಿಗೆಯಲ್ಲಿ ಅದಿರಲಿಲ್ಲ; ಕೇಬಲಿನ ಹೊದಿಕೆಯ ಮೇಲೆ ಬರೀ ‘ಹೈ ಸ್ಪೀಡ್’ ಎಂದಷ್ಟೇ ಇತ್ತು. ಫೋನ್ ಮಾಡಿ ಇದನ್ನು ಕೇಳಿದಾಗ, “ಆ ಸ್ಟಿಕ್ಕರೆಲ್ಲ ಫಾರಿನ್ ಪೀಸಿಗೆ ಸಾರ್, ನೀವು ಬಾಕ್ಸ್ ಬೇರೆ ಓಪನ್ ಮಾಡಿದ್ದೀರ” ಎಂದು ಇಟ್ಟುಬಿಟ್ಟರು. ಬಾಕ್ಸ್ ತೆರೆಯದೆ ಕೇಬಲ್ ಹಾಕುವುದು ಹೇಗೆಂದು ಕೇಳಲು ಅವಕಾಶವೇ ಸಿಗಲಿಲ್ಲ.

ಚೀಟಿಯನ್ನು ಅಂಗಡಿಯಲ್ಲೇ ಸ್ಕ್ಯಾನ್ ಮಾಡಿ. ಉದ್ದ ಹೆಚ್ಚಿದಂತೆ ತಾಮ್ರದ ಕೇಬಲಿನಲ್ಲಿ ಸಂಕೇತ ಸೊರಗುತ್ತದೆ, ಆದ್ದರಿಂದ ಸಾಧ್ಯವಾದರೆ ಎರಡು ಮೂರು ಮೀಟರಿನಲ್ಲೇ ಮುಗಿಸಿ. ಎಲ್ಲಕ್ಕಿಂತ ಮೊದಲು ‘48 ಜಿಬಿಪಿಎಸ್’ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಎದ್ದು ಬನ್ನಿ. ನನ್ನ ಬಿಲ್ಲಿನಲ್ಲಿ ಇರುವುದು ‘ಎಚ್‌ಡಿಎಂಐ ಕೇಬಲ್, 5 ಮೀಟರ್’ ಎಂದು ಮಾತ್ರ, ಮತ್ತು ಕೇಬಲ್ 5 ಮೀಟರ್ ಇರುವುದಂತೂ ನಿಜ.