ಉಳುಕಿಗೆ ಜೆಲ್ ಪ್ಯಾಕ್, ಕ್ರೇಪ್ ಬ್ಯಾಂಡೇಜ್: ಯಾವುದು ಎಷ್ಟು ಕೆಲಸಕ್ಕೆ ಬರುತ್ತದೆ

ಚಾಮುಂಡಿ ಬೆಟ್ಟದ ಮೆಟ್ಟಿಲು ಇಳಿಯುವಾಗ ಪಾದ ಒಳಕ್ಕೆ ಹೊರಳಿ ಕಾಲು ಉಳುಕುವುದು ಮೈಸೂರಿನವರಿಗೆ ಹೊಸದಲ್ಲ. ಮನೆ ಸೇರುವಷ್ಟರಲ್ಲಿ ಹರಡಿನ ಹೊರಬದಿ ಊದಿರುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಕೈಗೆ ಬರುವುದು ಎರಡು: ನೀಲಿ ಜೆಲ್ ಪ್ಯಾಕ್ ಮತ್ತು ಕ್ರೇಪ್ ಬ್ಯಾಂಡೇಜ್. ಒಂದನ್ನೇ ಕೊಳ್ಳುವುದಾದರೆ ಬ್ಯಾಂಡೇಜ್ ಕೊಳ್ಳಿ. ಏಕೆ ಅನ್ನುವುದು ಊತ ಬರುವ ಬಗೆಯಲ್ಲೇ ಇದೆ.

ಮೂಳೆಗೆ ಮೂಳೆ ಕಟ್ಟುವ ಪಟ್ಟಿಯಾದ ಲಿಗಮೆಂಟಿನ ಎಳೆ ಹರಿದ ಕಡೆ, ಅಲ್ಲೇ ಕಾವಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುತ್ತವೆ. ಸಣ್ಣ ಅಪಧಮನಿಗಳು ಹಿಗ್ಗಿ ರಕ್ತ ನುಗ್ಗುತ್ತದೆ. ಆ ಜಾಗ ಕೆಂಪಾಗಿ ಬಿಸಿಯಾಗುವುದು ಅದಕ್ಕೇ. ಕಿರಿಯ ಅಭಿಧಮನಿಗಳ ಒಳಗೋಡೆಯ ಕೋಶಗಳು ಕುಗ್ಗಿ ನಡುವೆ ಸಂದು ಬೀಳುತ್ತದೆ, ಅಲ್ಲಿಂದ ರಕ್ತದ ನೀರಿನಂಶವಾದ ಪ್ಲಾಸ್ಮಾ ಪ್ರೋಟೀನಿನ ಸಮೇತ ಸೋರುತ್ತದೆ. ಹೊರಬಿದ್ದ ಪ್ರೋಟೀನು ನೀರನ್ನು ಹಿಡಿದುಕೊಳ್ಳುವುದರಿಂದ ಊತ ಬೇಗ ಇಳಿಯುವುದಿಲ್ಲ. ಗಾಯದಲ್ಲಿ ಹುಟ್ಟುವ ಇನ್ನೆರಡು ರಾಸಾಯನಿಕಗಳಲ್ಲಿ ಬ್ರಾಡಿಕೈನಿನ್ ನರದ ತುದಿಯನ್ನು ಕೆರಳಿಸುತ್ತದೆ, ಪ್ರೊಸ್ಟಗ್ಲಾಂಡಿನ್ ಆ ತುದಿಯನ್ನು ಇನ್ನಷ್ಟು ಚುರುಕು ಮಾಡುತ್ತದೆ. ಪಾದ ಊರಿದರೆ ಜೀವ ಹೋದಂತಾಗುವುದು ಹೀಗೆ. ಮೊದಲ ದಿನ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು, ಒಂದೆರಡು ದಿನದಲ್ಲಿ ಮ್ಯಾಕ್ರೋಫೇಜ್ ಎಂಬ ಕಸ ನುಂಗುವ ಕೋಶಗಳು ಬಂದು ಸತ್ತ ಕೋಶ, ಹೆಪ್ಪು ಎಲ್ಲವನ್ನೂ ತಿಂದು ಜಾಗ ಚೊಕ್ಕಟ ಮಾಡುತ್ತವೆ. ಈ ಕೆಲಸ ನಡೆಯಲೇಬೇಕು, ಸೋರಿಕೆ ಮಾತ್ರ ಮಿತಿ ಮೀರಬಾರದು.

ಬ್ಯಾಂಡೇಜ್ ಮಾಡುವುದು ಅಷ್ಟನ್ನೇ: ಹೊರಗಿನಿಂದ ಒತ್ತಿ ಸೋರಿಕೆಗೆ ಎದುರು ನಿಲ್ಲುತ್ತದೆ. ದೊಡ್ಡವರ ಹರಡಿಗೆ 10 ಸೆಂ.ಮೀ. ಅಗಲದ್ದು ಸರಿ, 15 ಸೆಂ.ಮೀ.ನದ್ದು ಮಂಡಿಗೆ. ಪಾದವನ್ನು ಕಾಲಿಗೆ ಲಂಬ ಕೋನದಲ್ಲಿಟ್ಟು ಬೆರಳಿನ ಬುಡದಿಂದ ಶುರುಮಾಡಿ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಹರಡಿನ ಹತ್ತಿರ ಅಡ್ಡಡ್ಡ ಎಂಟರ ಆಕಾರದಲ್ಲಿ ಸುತ್ತಿ, ಹಿಮ್ಮಡಿಯನ್ನು ಬಿಡದೆ ಮುಚ್ಚಿ, ಮೇಲೆ ಹೋದಂತೆ ಬಿಗಿ ಸಡಿಲಿಸಿ. ಮೇಲೆ ಬಿಗಿಯಾಗಿ ಕೆಳಗೆ ಸಡಿಲವಾದರೆ ಬೆರಳುಗಳೇ ಊದುತ್ತವೆ. ಹೆಚ್ಚಿನವರು ತಪ್ಪುವುದು ಇಲ್ಲೇ. ಕಟ್ಟಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ: ಬಿಳಿಚಿದ್ದು 2 ಸೆಕೆಂಡಿನೊಳಗೆ ಕೆಂಪಾಗಬೇಕು. ತಡವಾದರೆ, ಜೋಮು ಹಿಡಿದರೆ ಬಿಚ್ಚಿ ಮತ್ತೆ ಕಟ್ಟಿ. ಮಲಗುವಾಗ ಬಿಚ್ಚಿ ಕಾಲಡಿಗೆ ದಿಂಬು ಕೊಡಿ. ಜೊತೆಗೆ ಬರುವ ಲೋಹದ ಕ್ಲಿಪ್ ಚುಚ್ಚುತ್ತದೆ, ಟೇಪೇ ವಾಸಿ.

ಜೆಲ್ ಪ್ಯಾಕಿನದು ನೋವಿಗೆ ಸಹಾಯ, ಅಷ್ಟೇ. ಗಾಯಕ್ಕೆ ವಿಶ್ರಾಂತಿ, ಐಸು, ಒತ್ತುಕಟ್ಟು, ಕಾಲೆತ್ತುವುದು ಎಂಬ ಸೂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ 2014ರಲ್ಲಿ ತಾವೇ, ಐಸು ಗಾಯ ಮಾಯುವುದನ್ನು ತಡಮಾಡಬಹುದು ಎಂದು ಬರೆದರು. ಆದ್ದರಿಂದ ನೋವು ತಡೆಯಲಾಗದ ಮೊದಲ ದಿನ ಸಾಕು. ಫ್ರೀಜರಿನಿಂದ ತೆಗೆದ ಪ್ಯಾಕ್ 0 ಡಿಗ್ರಿಗಿಂತ ಎಷ್ಟೋ ತಣ್ಣಗಿರುತ್ತದೆ, ಬರಿ ಚರ್ಮಕ್ಕೆ ಇಟ್ಟರೆ ಸುಟ್ಟಂತೆ ಬೊಬ್ಬೆ ಏಳುತ್ತದೆ. ಒದ್ದೆ ಬಟ್ಟೆ ಸುತ್ತಿ 10ರಿಂದ 15 ನಿಮಿಷ ಇಟ್ಟರೆ ಬೇಕಾದಷ್ಟಾಯಿತು. ಕಡಿಮೆ ದರ್ಜೆಯ ಪ್ಯಾಕ್ ಕಲ್ಲಿನಂತೆ ಗಡುಸಾಗಿ ಹರಡಿನ ಗುಂಡಿಗೆ ಕೂರುವುದೇ ಇಲ್ಲ, ಅಂಚಿನ ಬೆಸುಗೆಯೂ ಬಿಡುತ್ತದೆ. ಅಂಗಡಿಯಲ್ಲೇ ಮಡಿಸಿ, ಒತ್ತಿ ನೋಡಿ. ಪ್ಲಾಸ್ಟಿಕ್ ಕವರಿಗೆ ಐಸಿನ ಚೂರು, ಒಂದಿಷ್ಟು ನೀರು ಹಾಕಿ ಕಟ್ಟಿದರೆ ಇದಕ್ಕಿಂತ ಚೆನ್ನಾಗಿ ಕೂರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರಿಗೆ ಜೆಲ್ ಪ್ಯಾಕೂ ಬೇಡ, ಐಸೂ ಬೇಡ.

ಮೊದಲ ಎರಡು ದಿನ ಬಿಸಿಯೆಣ್ಣೆ ಹಾಕಿ ತಿಕ್ಕಿಸುವುದು, ಉಳುಕು ತೆಗೆಸುವುದು ದಯವಿಟ್ಟು ಬೇಡ. ಹಿಗ್ಗಿದ ರಕ್ತನಾಳ ಇನ್ನಷ್ಟು ಹಿಗ್ಗಿ, ಹರಿದ ಎಳೆಯಲ್ಲಿ ರಕ್ತ ಹೆಚ್ಚು ಸುರಿಯುತ್ತದೆ. ಬಿದ್ದ ಕೂಡಲೇ ಆಗಲಿ ಆಮೇಲಾಗಲಿ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಹರಡಿನ ಮೂಳೆಯ ಹಿಂದಿನ ಅಂಚು ಒತ್ತಿದರೆ ನೋವಿದ್ದರೆ, ಮೈಸೂರಿನವರು ಕೆ.ಆರ್. ಆಸ್ಪತ್ರೆಗೋ ಮಂಡ್ಯದವರು ಮಿಮ್ಸ್‌ಗೋ ಹೋಗಿ ಎಕ್ಸ್‌ರೇ ತೆಗೆಸಿ.

ಬ್ಯಾಂಡೇಜನ್ನು ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ, ನೆರಳಲ್ಲಿ ಹಾಸಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೇ ಹಿಗ್ಗಿ, ಎಳೆದರೆ ಮರಳಿ ಬರದಂತಾಗುತ್ತದೆ. ಅಂಥದ್ದನ್ನು ಕಟ್ಟಿ ಪ್ರಯೋಜನವಿಲ್ಲ, ಹೊಸದು ತನ್ನಿ.