ಅಪ್ಪ ಅಮ್ಮನನ್ನು ಅಲಾಸ್ಕಾ ಕ್ರೂಸ್‌ಗೆ ಕರೆದೊಯ್ಯುವವರೇ, ಮೊದಲು ಕೆನಡಾ ವೀಸಾ ನೋಡಿ

ಅಮೆರಿಕದಲ್ಲಿರುವ ನಮ್ಮವರು ತುಂಬಾ ಜನ ಬೇಸಿಗೆಗೆ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ. ಬಂದವರಿಗೆ ಸಿಯಾಟಲ್‌ನಿಂದ ಹೊರಡುವ ಅಲಾಸ್ಕಾ ಕ್ರೂಸ್ ತೋರಿಸಬೇಕು ಅನ್ನೋ ಆಸೆ ಸುಮಾರು ಮನೆಗಳಲ್ಲಿ ಇರುತ್ತದೆ. ನಮಗೂ ಇತ್ತು. ಹಡಗು ಹತ್ತುವ ಬಾಗಿಲ ತನಕ ಹೋಗಿ ವಾಪಸ್ ಬಂದೆವು. ಇನ್ನೊಬ್ಬರಿಗೆ ಹಾಗಾಗಬಾರದು ಅಂತ ಬರೆಯುತ್ತಿದ್ದೇನೆ. ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಸಾಗರ. ಅಮ್ಮ ಈವರೆಗೆ ಹತ್ತಿದ ಹಡಗು ಅಂದರೆ ಸಿಗಂದೂರಿಗೆ ಹೋಗುವಾಗ ಸಿಗುತ್ತಿದ್ದ ಹೊಳೆಬಾಗಿಲಿನ ಲಾಂಚ್ ಒಂದೇ. ಅಪ್ಪ ಕೆಇಬಿಯಲ್ಲಿ 34 ವರ್ಷ ದುಡಿದು ರಿಟೈರ್ ಆದವರು. ನಮ್ಮ ಓದು, ಮದುವೆ, ಮನೆ ಸಾಲ ಅಂತ ಇಬ್ಬರೂ ಎಲ್ಲಿಗೂ ಹೋಗಲಿಲ್ಲ. ಅವರ ಮದುವೆಯಾಗಿ 40 ವರ್ಷ ತುಂಬುವ ಹೊತ್ತಿಗೆ ಇಲ್ಲಿಗೆ ಬರುವುದು ಅಂತಾಯಿತು. ಈ ಸಲ ದುಡ್ಡಿನ ಮುಖ ನೋಡುವುದು ಬೇಡ ಅಂತ ನಾನೂ ನನ್ನ ಗಂಡನೂ ಮಾತಾಡಿಕೊಂಡೆವು.

ಟ್ರಾವೆಲ್ ಏಜೆಂಟ್‌ಗೂ ಅದನ್ನೇ ಹೇಳಿದೆವು. ಖರ್ಚು ಎಷ್ಟಾದರೂ ಆಗಲಿ, ಅವರಿಗೆ ಚೆನ್ನಾಗಿರಬೇಕು ಅಂತ. ಆಮೇಲೆ ಅವರು ಫೋನ್ ಮಾಡಿದಾಗೆಲ್ಲ ಇನ್ನೇನು ಸೇರಿಸೋಣ ಅನ್ನೋದೇ ಮಾತು. ಅಕ್ಕಪಕ್ಕದ ಎರಡು ಬಾಲ್ಕನಿ ರೂಮು. ಜುನೋದಲ್ಲಿ ಹೆಲಿಕಾಪ್ಟರ್‌ನಲ್ಲಿ ಹೋಗಿ ಮೆಂಡೆನ್‌ಹಾಲ್ ಹಿಮನದಿ ಮೇಲೆ ಇಳಿಯುವುದು. ಸ್ಕಾಗ್ವೇಯಲ್ಲಿ ವೈಟ್ ಪಾಸ್ ರೈಲು. ದೊಡ್ಡವರು ನಾಲ್ಕು ಜನಕ್ಕೂ ಡ್ರಿಂಕ್ಸ್ ಪ್ಯಾಕೇಜ್. ನಮ್ಮಲ್ಲಿ ಕುಡಿಯುವವರೇ ಇಲ್ಲ. ಮಗಳನ್ನೂ ಸೇರಿಸಿ ಐದು ಜನಕ್ಕೆ 16,000 ಡಾಲರ್ ದಾಟಿತು. ಎಲ್ಲದಕ್ಕೂ ಹೂಂ ಅಂದೆವು.

ವೀಸಾ ಬಗ್ಗೆ ಕೇಳಲಿಲ್ಲ ಅಂತಲ್ಲ. ಕೇಳಿದ್ದೆ. "ಯುಎಸ್ ವೀಸಾ ಇದ್ಯಲ್ಲ ಮೇಡಂ, ಸಾಕು" ಅಂತ ವಾಟ್ಸಾಪ್‌ನಲ್ಲಿ ಉತ್ತರ ಬಂತು. ನಾನು ನಂಬಿದೆ. ಯಾಕೆ ನಂಬಿದೆ ಅಂತ ಹೇಳಬೇಕು, ನೀವೂ ಇದೇ ಕಾರಣಕ್ಕೆ ನಂಬಬಹುದು. ಒಂದು, ಗೆಳತಿಯ ಅತ್ತೆ ಮಾವ ಲಾಸ್ ಏಂಜಲೀಸ್‌ನಿಂದ ಮೆಕ್ಸಿಕೋ ಕಡೆ ಕ್ರೂಸ್ ಹೋಗಿ ಬಂದಿದ್ದರು, ಅಮೆರಿಕದ ವೀಸಾ ಒಂದೇ ಸಾಕಾಗಿತ್ತು. ಇನ್ನೊಂದು, ನಾನೇ ಎರಡು ವರ್ಷದ ಹಿಂದೆ ಅಲಾಸ್ಕಾಕ್ಕೆ ಹೋಗಿದ್ದೆ. ನನ್ನದು ಭಾರತದ ಪಾಸ್‌ಪೋರ್ಟೇ, ಯಾರೂ ಏನೂ ಕೇಳಿರಲಿಲ್ಲ. ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು, ಅದಕ್ಕೇ ಕೇಳಲಿಲ್ಲ ಅನ್ನೋದು ತಲೆಗೆ ಹೋಗಲೇ ಇಲ್ಲ.

ಜೂನ್ ತಿಂಗಳು, ಸಿಯಾಟಲ್‌ನ ಪಿಯರ್ 91. ಬೆಳಗ್ಗೆ ಹನ್ನೊಂದೂವರೆಗೆ ತಲುಪಿದೆವು. ಗೇಟಿನ ಹತ್ತಿರವೇ ಪೋರ್ಟರ್‌ಗಳು ಸೂಟ್‌ಕೇಸ್‌ಗಳನ್ನೆಲ್ಲ ತೆಗೆದುಕೊಂಡು ಹೋದರು. ಕೌಂಟರ್‌ನಲ್ಲಿ ನಮ್ಮ ಮೂವರದೂ ಎರಡು ನಿಮಿಷದಲ್ಲಿ ಮುಗಿಯಿತು. ಅಮ್ಮನ ಪಾಸ್‌ಪೋರ್ಟ್ ಕೈಗೆ ಬಂದಾಗ ಆ ಹೆಂಗಸು ಮೊದಲಿಂದ ಕೊನೆಯ ತನಕ ಹಾಳೆ ತಿರುವಿದರು. ಮತ್ತೆ ಮೊದಲಿಂದ. ಮೂರನೇ ಸಲ ಒಂದೊಂದೇ ಹಾಳೆ. ಮುಖ ಫೋಟೋಗೆ ಹೊಂದುತ್ತಿಲ್ಲವೇನೋ ಅಂದುಕೊಂಡು ಅಮ್ಮ ಕನ್ನಡಕ ತೆಗೆದು, ಫೋಟೋದಲ್ಲಿದ್ದ ಹಾಗೇ ಮುಖ ಮಾಡಿಕೊಂಡು ನೆಟ್ಟಗೆ ನಿಂತಳು. ಅದನ್ನು ನೆನೆಸಿಕೊಂಡರೆ ಈಗಲೂ ಗಂಟಲು ಕಟ್ಟುತ್ತದೆ.

"ಕೆನಡಾ ವೀಸಾ ಎಲ್ಲಿ?" ಅಂದರು.

ನಮ್ಮ ಹಡಗು ಕೊನೆಯ ದಿನ ರಾತ್ರಿ ಕೆನಡಾದ ವಿಕ್ಟೋರಿಯಾದಲ್ಲಿ ಕೆಲವೇ ಗಂಟೆ ನಿಲ್ಲುವುದಿತ್ತು. ಅಷ್ಟಕ್ಕೇ ವೀಸಾ ಬೇಕು. ಅಲ್ಲಿ ಇಳಿಯುವುದಿಲ್ಲ, ರೂಮಲ್ಲೇ ಇರುತ್ತಾರೆ ಅಂದೆವು. ಆಗುವುದಿಲ್ಲ ಅಂದರು. ಸೂಪರ್‌ವೈಸರ್ ಬಂದರು. ಎಷ್ಟಾದರೂ ಕಟ್ಟುತ್ತೇವೆ, ಏನಾದರೂ ದಾರಿ ಇದ್ದರೆ ಹೇಳಿ ಅಂತ ನನ್ನ ಗಂಡ ಕಾರ್ಡ್ ಕೈಯಲ್ಲಿ ಹಿಡಿದೇ ಕೇಳಿದರು. ಸೂಪರ್‌ವೈಸರ್ ತುಂಬಾ ಮೃದುವಾಗಿಯೇ ಹೇಳಿದರು, ಇದು ದುಡ್ಡಿನ ವಿಷಯ ಅಲ್ಲ, ನೀವು ಮೂವರು ಬೇಕಾದರೆ ಹತ್ತಬಹುದು ಅಂತ.

ಅಪ್ಪನಿಗೆ ಅಷ್ಟು ಅರ್ಥವಾಯಿತು. "ನೀವು ಹೋಗಿ ಬನ್ನಿ, ಮಗು ಆಸೆ ಪಟ್ಕೊಂಡಿದೆ. ನಾವು ಹೋಟೆಲಲ್ಲಿ ಇರ್ತೀವಿ, ಅವಲಕ್ಕಿ ಚಟ್ನಿಪುಡಿ ಎಲ್ಲ ತಂದಿದೀವಲ್ಲ" ಅಂದರು. ನಾವು ಯಾರೂ ಹತ್ತಲಿಲ್ಲ.

ಒಳಗೆ ಹೋಗಿದ್ದ ಸೂಟ್‌ಕೇಸ್‌ಗಳು ವಾಪಸ್ ಬರುವಾಗ ಮೂರು ಗಂಟೆ ದಾಟಿತ್ತು. ಅಪ್ಪನ ಬಿಪಿ ಮಾತ್ರೆ, ಅಮ್ಮನ ಥೈರಾಯ್ಡ್ ಮಾತ್ರೆ ಎರಡೂ ಅದರಲ್ಲೇ ಇದ್ದವು. ಯಾವ ಕ್ರೂಸ್‌ಗೆ ಹೋದರೂ ಮಾತ್ರೆ ಮಾತ್ರ ಕೈಚೀಲದಲ್ಲೇ ಇರಲಿ. ನಾಲ್ಕಕ್ಕೆ ಹಡಗಿನ ಹಾರ್ನ್ ಕೇಳಿಸಿದಾಗ ನಾವು ಹೊರಗೆ ಟ್ಯಾಕ್ಸಿಗೆ ಕಾಯುತ್ತಿದ್ದೆವು. ಅಪ್ಪ ಮೊಮ್ಮಗಳ ಜೊತೆ ಹಡಗಿನ ಮಹಡಿ ಎಣಿಸುತ್ತಿದ್ದರು. ಸ್ಕಾಗ್ವೇ ರೈಲಿನ ಬಗ್ಗೆ ಅವರು ಊರಲ್ಲೇ ಎಲ್ಲ ಓದಿಕೊಂಡು ಬಂದಿದ್ದರು. ಚಿನ್ನಕ್ಕಾಗಿ ಜನ ಅತ್ತ ನುಗ್ಗಿದಾಗ 1898ರಲ್ಲಿ ಕಟ್ಟಲು ಶುರು ಮಾಡಿದ್ದಂತೆ, ಎರಡೇ ವರ್ಷದಲ್ಲಿ ಮುಗಿಸಿದರಂತೆ ಅಂತ ವಿಮಾನದಲ್ಲಿ ನನ್ನ ಮಗಳಿಗೆ ಹೇಳುತ್ತಾ ಬಂದಿದ್ದರು.

ಮನೆಗೆ ಬಂದ ಮೇಲೆ ನಾನು ಕೂತು ಓದಿದೆ. ಅಮೆರಿಕದಲ್ಲಿ 1886ರ ಒಂದು ಕಾನೂನಿದೆ, ಪ್ಯಾಸೆಂಜರ್ ವೆಸಲ್ ಸರ್ವೀಸಸ್ ಆಕ್ಟ್ ಅಂತ. ಬೇರೆ ದೇಶದ ಬಾವುಟ ಹಾರಿಸುವ ಹಡಗು ಬರೀ ಅಮೆರಿಕದ ಬಂದರುಗಳ ನಡುವೆಯೇ ಜನರನ್ನು ಸಾಗಿಸುವ ಹಾಗಿಲ್ಲ. ಮಧ್ಯೆ ಒಂದಾದರೂ ಹೊರದೇಶದ ಬಂದರಿನಲ್ಲಿ ನಿಲ್ಲಲೇಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುಪಾಲು ಬಹಾಮಾಸ್, ಪನಾಮಾ, ಬರ್ಮುಡಾ ಕಡೆ ನೋಂದಣಿ ಆಗಿರುತ್ತವೆ. ಅದಕ್ಕೇ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗುಗಳು ವಿಕ್ಟೋರಿಯಾದಂಥ ಕೆನಡಾದ ಊರಿಗೆ ಮುಖ ತೋರಿಸಿಯೇ ಬರುತ್ತವೆ. 2021ರಲ್ಲಿ ಕೊರೊನಾ ಅಂತ ಕೆನಡಾ ತನ್ನ ಬಂದರು ಮುಚ್ಚಿದಾಗ ಅಲಾಸ್ಕಾ ಕ್ರೂಸ್‌ಗಳೇ ನಿಂತುಹೋಗಿದ್ದವು. ಕೊನೆಗೆ ಅಮೆರಿಕದ ಸಂಸತ್ತು ಸ್ವಲ್ಪ ಕಾಲದ ವಿನಾಯಿತಿ ಕೊಟ್ಟ ಮೇಲೆ ಹೊರಟವು. ಅಷ್ಟು ಗಟ್ಟಿ ನಿಯಮ ಇದು. ಈ ಟಿಕೆಟ್ ಮಾರಿಯೇ ಹೊಟ್ಟೆ ಹೊರೆಯುವವರಿಗೆ ಇದು ಗೊತ್ತಿರಲೇಬೇಕಿತ್ತು.

ಮೆಕ್ಸಿಕೋ ಅಮೆರಿಕದ ವೀಸಾ ಒಪ್ಪುತ್ತದೆ. ಕೆನಡಾ ಭಾರತದವರಿಗೆ ಒಪ್ಪುವುದಿಲ್ಲ. ಅಪ್ಪ ಅಮ್ಮ ಅಷ್ಟೇ ಅಲ್ಲ, ನೀವು ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮಗೂ ಕೆನಡಾದ ವಿಸಿಟರ್ ವೀಸಾ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಪಾಸ್‌ಪೋರ್ಟ್ ಮತ್ತು ಕಾರ್ಡ್ ಸಾಕು. ವೀಸಾ ಫೀಸು ಒಬ್ಬರಿಗೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85. ಅಷ್ಟೇ. ಹದಿನಾರು ಸಾವಿರ ಚೆಲ್ಲಿದ ನಾವು ಇದನ್ನೊಂದು ಬಿಟ್ಟಿದ್ದೆವು.

ದುಡ್ಡಿನ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಪೋರ್ಟ್ ಟ್ಯಾಕ್ಸ್, ಡ್ರಿಂಕ್ಸ್ ಪ್ಯಾಕೇಜ್ ವಾಪಸ್ ಬಂತು. ಹೆಲಿಕಾಪ್ಟರ್‌ನವರು ಅರ್ಧ ಕೊಟ್ಟರು. ರೂಮಿನ ದುಡ್ಡು ಒಂದು ಪೈಸೆಯೂ ಇಲ್ಲ. ಹತ್ತಿರ ಹತ್ತಿರ 11,000 ಡಾಲರ್ ಹೋಯಿತು. ಏಜೆಂಟ್‌ಗೆ ಅವರದೇ ವಾಟ್ಸಾಪ್ ಮೆಸೇಜ್ ತೋರಿಸಿದರೆ "ಜನರಲ್ ಆಗಿ ಹೇಳಿದ್ದು ಮೇಡಂ, ಡಾಕ್ಯುಮೆಂಟ್ಸ್ ನಿಮ್ಮ ಜವಾಬ್ದಾರಿ ಅಂತ ಟರ್ಮ್ಸ್‌ನಲ್ಲಿ ಇದೆ" ಅಂದರು. ಇತ್ತು, ಸಣ್ಣ ಅಕ್ಷರದಲ್ಲಿ. ಕ್ರೆಡಿಟ್ ಕಾರ್ಡ್‌ನವರೂ ಅದನ್ನೇ ನೋಡಿ ನಮ್ಮ ದೂರು ತಳ್ಳಿಹಾಕಿದರು. ಟ್ರಿಪ್ ಇನ್ಶೂರೆನ್ಸ್ ಮಾಡಿಸಿದ್ದೆವು, ವೀಸಾ ಇಲ್ಲದ್ದಕ್ಕೆ ಅದು ಬರುವುದಿಲ್ಲ. ಯಾವ ಕಾರಣಕ್ಕಾದರೂ ರದ್ದು ಮಾಡಬಹುದಾದ ಪಾಲಿಸಿ ಬೇರೆ ಇದೆ, ಆದರೆ ಅದನ್ನು ಮೊದಲ ಕಂತು ಕಟ್ಟಿದ ಎರಡು ಮೂರು ವಾರದೊಳಗೇ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಹೊರಡುವ 48 ಗಂಟೆ ಮುಂಚೆಯಾದರೂ ರದ್ದು ಮಾಡಿರಬೇಕು. ಆಗಲೂ ಪೂರ್ತಿ ಬರುವುದಿಲ್ಲ.

ದುಡ್ಡು ಹೋಗಿದ್ದಕ್ಕಿಂತ ಜಾಸ್ತಿ ನೋವು ಬೇರೆಯದು. ಊರಿಗೆ ಫೋನ್ ಮಾಡಿದಾಗ ಅಮ್ಮ ಅಕ್ಕನಿಗೆ "ನಮ್ಮಿಂದ ಮಕ್ಕಳಿಗೆ ಸುಮ್ನೆ ದಂಡ ಆಯ್ತು ನೋಡು" ಅಂದಳು. ತಪ್ಪು ಅವರದಲ್ಲ ಅಂತ ಎಷ್ಟು ಸಲ ಹೇಳಿದರೂ ಅವಳಿಗೆ ಸಮಾಧಾನವಿಲ್ಲ.

ಯುರೋಪ್ ಕಡೆ ಹಡಗಿನಲ್ಲಿ ಹೋಗುವವರೂ ನೋಡಿಕೊಳ್ಳಿ. ಗ್ರೀಸ್ ದ್ವೀಪಗಳಿಗೆ ಹೋಗುವ ಎಷ್ಟೋ ಹಡಗು ಟರ್ಕಿಯ ಕುಶಾದಾಸಿಯಲ್ಲಿ ನಿಂತು ಮತ್ತೆ ಗ್ರೀಸ್‌ಗೆ ಬರುತ್ತವೆ. ನಿಮ್ಮ ಷೆಂಗೆನ್ ವೀಸಾ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಕೊಡುವ ಒಂದೇ ವೀಸಾ) ಒಂದೇ ಸಲದ ಪ್ರವೇಶದ್ದಾಗಿದ್ದರೆ ಟರ್ಕಿಗೆ ಹೋದಾಗಲೇ ಅದು ಮುಗಿದ ಹಾಗೆ. ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ. ಟರ್ಕಿಗೆ ಬೇಕಾದ ಕಾಗದವನ್ನೂ ಆಗಲೇ ವಿಚಾರಿಸಿ.

ಕೆನಡಾ ವೀಸಾಕ್ಕೆ ಅಪ್ಪ ಅಮ್ಮ ಇಲ್ಲಿಗೆ ಬಂದ ಮೇಲೂ ಅರ್ಜಿ ಹಾಕಬಹುದು. ಆದರೆ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟ್ ಕಳಿಸಿ, ಅದು ವಾಪಸ್ ಬರುವ ತನಕ ಕಾಯಬೇಕು. ಬೇಸಿಗೆಯಲ್ಲಿ ಅಷ್ಟು ಟೈಮ್ ಸಿಗುವುದು ಕಷ್ಟ. ಊರಲ್ಲಿರುವಾಗಲೇ ಬೆಂಗಳೂರಿನಲ್ಲಿ ಮಾಡಿಸುವುದು ಒಳ್ಳೆಯದು. ಆಗದಿದ್ದರೆ ಬೇರೆ ದಾರಿ ಇದೆ. ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಿಂದ ಅಲಾಸ್ಕಾ ಸರ್ಕಾರದ ಫೆರ್ರಿ ಕೆನಡಾದಲ್ಲಿ ನಿಲ್ಲದೆ ನೇರ ಅಲಾಸ್ಕಾದ ಕೆಚಿಕಾನ್‌ಗೆ ಹೋಗುತ್ತದೆ. ಹವಾಯಿ ದ್ವೀಪಗಳನ್ನು ಸುತ್ತುವ 'ಪ್ರೈಡ್ ಆಫ್ ಅಮೆರಿಕ' ಹಡಗು ಅಮೆರಿಕದ ಬಾವುಟದ್ದು, ಹೊರದೇಶ ಮುಟ್ಟುವುದೇ ಇಲ್ಲ. ಸಿಯಾಟಲ್‌ನಿಂದ ಜುನೋಗೆ ವಿಮಾನವೂ ಇದೆ.

ಈಗಾಗಲೇ ಬುಕ್ ಮಾಡಿದ್ದರೆ ಇವತ್ತೇ ಟಿಕೆಟ್ ತೆರೆದು ಹಡಗು ನಿಲ್ಲುವ ಊರುಗಳ ಹೆಸರು ಒಂದೊಂದಾಗಿ ಓದಿ. ವಿಕ್ಟೋರಿಯಾ, ವ್ಯಾಂಕೂವರ್, ಪ್ರಿನ್ಸ್ ರೂಪರ್ಟ್ ಕಂಡರೆ ಅದು ಕೆನಡಾ. ಕೊನೆಯ ಕಂತಿನ ದಿನ ಯಾವಾಗ ಅಂತ ನೋಡಿ, ಹೊರಡುವ ಮೂರು ತಿಂಗಳ ಆಸುಪಾಸಿನಲ್ಲಿರುತ್ತದೆ. ಅಷ್ಟರೊಳಗೆ ವೀಸಾ ಕೈಗೆ ಬರದಿದ್ದರೆ ರದ್ದು ಮಾಡಿಬಿಡಿ, ಆಗಿನ್ನೂ ಹೆಚ್ಚಿನ ದುಡ್ಡು ವಾಪಸ್ ಬರುತ್ತದೆ.