ಕರಾವಳಿ ಸವಾರರಿಗೆ ಹೆಲ್ಮೆಟ್: ಎಷ್ಟು ಕೊಟ್ಟರೆ ಏನು ಸಿಗುತ್ತದೆ

ಮಂಗಳೂರು, ಉಡುಪಿ ಕಡೆ ಹೆಲ್ಮೆಟ್ ಸುಮಾರಾಗಿ ಮೂರು ದರದಲ್ಲಿ ಸಿಗುತ್ತದೆ. ಹೆದ್ದಾರಿ ಬದಿಯಲ್ಲಿ ಸಾಲಾಗಿ ನೇತುಹಾಕಿ ಮುನ್ನೂರು, ನಾನೂರು ರೂಪಾಯಿಗೆ ಮಾರುವಂಥದ್ದು ಒಂದು. ಅಂಗಡಿಯಲ್ಲಿ ಸಾವಿರದಿಂದ ಎರಡು ಸಾವಿರದೊಳಗೆ ಸಿಗುವ ಐಎಸ್‌ಐ ಮಾರ್ಕಿನ ಫುಲ್ ಫೇಸ್ ಇನ್ನೊಂದು. ನಾಲ್ಕು ಸಾವಿರದ ಆಸುಪಾಸಿನಿಂದ ಮೇಲೆ, ಐಎಸ್‌ಐ ಜೊತೆಗೆ ಯುರೋಪಿನ ಇಸಿಇ ಪರೀಕ್ಷೆಯನ್ನೂ ದಾಟಿ ಬಂದದ್ದು ಮೂರನೆಯದು. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಊರೊಳಗೆ ಸ್ಕೂಟರ್ ಓಡಿಸುವವರಿಗೆ ಎರಡನೆಯದು ಸಾಕು, ಆದರೆ ತಲೆಗೆ ಸರಿಯಾಗಿ ಕೂರಬೇಕು. ಸುರತ್ಕಲ್, ಪಡುಬಿದ್ರಿ, ಕುಂದಾಪುರ ಎಂದು ದಿನಾ ಹೆದ್ದಾರಿ 66ರಲ್ಲಿ ಬೈಕ್ ಓಡಿಸುವವರು ಮೂರನೆಯದಕ್ಕೆ ಹಣ ಕೂಡಿಸಲಿ. ಮೊದಲನೆಯದನ್ನು ಯಾರೂ ಕೊಳ್ಳಬಾರದು.

ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಐಎಸ್‌ಐ ಮಾರ್ಕ್ 2021ರ ಜೂನ್ 1ರಿಂದ ಕಡ್ಡಾಯ. ವಿದೇಶದಿಂದ ತರಿಸಿ ಮಾರುವುದಕ್ಕೂ ಇದೇ ನಿಯಮ. ಹಾಗಾಗಿಯೇ ರಸ್ತೆ ಬದಿಯ ಮಾಲಿನ ಮೇಲೂ ಐಎಸ್‌ಐ ಸ್ಟಿಕ್ಕರ್ ಅಂಟಿರುತ್ತದೆ. ನೋಡಬೇಕಾದ್ದು ಆ ಚಿಹ್ನೆಯ ಮೇಲೆ, ಕೆಳಗೆ ಏನು ಬರೆದಿದೆ ಎಂದು. ಮೇಲೆ ‘ಐಎಸ್ 4151’ ಇರಬೇಕು, ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಐಎಸ್‌ಐ ಮಾರ್ಕ್ ಕೊಡುವ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾವ ಕಂಪನಿಯದು, ಈಗಲೂ ಚಾಲ್ತಿಯಲ್ಲಿ ಉಂಟೋ ಎಂಬುದು ಅಂಗಡಿಯಲ್ಲಿ ನಿಂತಲ್ಲೇ ಗೊತ್ತಾಗುತ್ತದೆ. ಹೆಸರು ತಾಳೆಯಾಗದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಹಿಂಬದಿಯ ‘ಡಿಒಟಿ’ ಸ್ಟಿಕ್ಕರ್‌ಗೆ ಇಲ್ಲಿ ಬೆಲೆ ಇಲ್ಲ. ಅದು ಅಮೆರಿಕದ ಮಾನದಂಡ. ಅಲ್ಲಿ ತಯಾರಕರೇ ತಮ್ಮ ಮಾಲು ನಿಯಮಕ್ಕೆ ಸರಿಯಿದೆ ಎಂದು ಘೋಷಿಸಿ ಮಾರುತ್ತಾರೆ, ಸರಕಾರ ಮುಂಚಿತವಾಗಿ ಒಪ್ಪಿಗೆ ಕೊಡುವ ಕ್ರಮ ಇಲ್ಲ.

ಇನ್ನೊಂದು ಪರೀಕ್ಷೆ ಬೆರಳಿನದು. ಕೆನ್ನೆಯ ಪ್ಯಾಡ್ ಬಿಚ್ಚಿ ಒಳಗೆ ನೋಡಿ. ಹಣೆಯಿಂದ ಹಿಂದಲೆಯವರೆಗೆ ಎರಡು, ಮೂರು ಸೆಂಟಿಮೀಟರ್ ದಪ್ಪದ ಗಟ್ಟಿ ಥರ್ಮಾಕೋಲ್ ಚಿಪ್ಪಿಗೆ ಒತ್ತಿ ಕೂತಿರಬೇಕು. ನಕಲಿಯಲ್ಲಿ ಬಟ್ಟೆಯ ಹಿಂದೆ ಬರೀ ಸ್ಪಂಜು ಇರುತ್ತದೆ. ಇಲ್ಲವಾದರೆ ಹೆಬ್ಬೆರಳು ಒತ್ತಿದ ಕೂಡಲೇ ಗುಳಿ ಬೀಳುವ ತೆಳು ಹಾಳೆ. ಗಲ್ಲದ ಭಾಗವನ್ನೂ ಒತ್ತಿ ನೋಡಿ, ಅಗ್ಗದವುಗಳಲ್ಲಿ ಅಲ್ಲಿ ಪ್ಲಾಸ್ಟಿಕ್ಕಿಗೆ ಬಟ್ಟೆ ಸುತ್ತಿರುವುದು ಬಿಟ್ಟರೆ ಏನೂ ಇರುವುದಿಲ್ಲ. ಹೊರಚಿಪ್ಪು ಪೆಟ್ಟನ್ನು ಹರಡುತ್ತದೆ, ತಲೆಯನ್ನು ಉಳಿಸುವುದು ಈ ಥರ್ಮಾಕೋಲ್. ಅದು ತಾನು ಜಜ್ಜಿಹೋಗುತ್ತ, ತಲೆ ಒಮ್ಮೆಲೇ ನಿಲ್ಲದಂತೆ ಒಂದೆರಡು ಸೆಂಟಿಮೀಟರ್ ಜಾಗ ಕೊಡುತ್ತದೆ. ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ. ಬಿದ್ದು ತಲೆಗೆ ಪೆಟ್ಟಾದ ಮೇಲೆ ಹೊರಗೆ ಗೀರು ಕೂಡ ಕಾಣದಿದ್ದರೂ ಆ ಹೆಲ್ಮೆಟ್ ಬದಲಾಯಿಸಲೇಬೇಕು ಎನ್ನುವುದು ಇದಕ್ಕೇ.

ನಾಲ್ಕೈದು ಸಾವಿರ ಕೊಟ್ಟರೆ ಹೆಚ್ಚಿಗೆ ಏನು ಸಿಗುತ್ತದೆ? ಇಸಿಇ ಪರೀಕ್ಷೆಯ ಹಳೆಯ ಆವೃತ್ತಿ 22.05ರಲ್ಲಿ ಹೆಲ್ಮೆಟನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಉಕ್ಕಿನ ಅಡಿಗಲ್ಲಿಗೆ ಅಪ್ಪಳಿಸುತ್ತಿದ್ದರು. ಅಂದರೆ ಗಂಟೆಗೆ 27 ಕಿ.ಮೀ. ‘ನಾವು ಅರವತ್ತರಲ್ಲಿ ಹೋಗುವವರು, ಇದರಿಂದ ಏನು ಪ್ರಯೋಜನ’ ಎಂದು ಕೇಳುವವರಿದ್ದಾರೆ. ಬೈಕಿನಿಂದ ಬಿದ್ದಾಗ ತಲೆ ನೆಲಕ್ಕೆ ಬಡಿಯುವ ವೇಗ ಬಿದ್ದ ಎತ್ತರದ್ದು, ರಸ್ತೆಯ ವೇಗ ಬಹುಪಾಲು ಜಾರುವುದರಲ್ಲಿ ಕಳೆಯುತ್ತದೆ. 27 ಕಿ.ಮೀ. ಎಂದರೆ ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದ ಹಾಗೆ, ಸವಾರನ ತಲೆ ಇರುವ ಎತ್ತರಕ್ಕಿಂತ ಎಷ್ಟೋ ಹೆಚ್ಚು. ನೇರವಾಗಿ ಲಾರಿಗೋ ಕಂಬಕ್ಕೋ ಬಡಿದರೆ ಲೆಕ್ಕ ಬೇರೆ, ಆ ರಕ್ಷಣೆ ಯಾವ ಹೆಲ್ಮೆಟ್ ಕೂಡ ಕೊಡುವುದಿಲ್ಲ.

ಈಗಿನ ಆವೃತ್ತಿ 22.06ರಲ್ಲಿ ಸೆಕೆಂಡಿಗೆ 8.2 ಮೀಟರ್ ವೇಗದ ಜೋರು ಪೆಟ್ಟೂ ಉಂಟು, 6 ಮೀಟರ್ ವೇಗದ ಸಣ್ಣ ಪೆಟ್ಟೂ ಉಂಟು. ಸಣ್ಣದು ಯಾಕೆಂದರೆ ಥರ್ಮಾಕೋಲ್ ತೀರಾ ಗಟ್ಟಿಯಾದರೆ ಕಡಿಮೆ ವೇಗದಲ್ಲಿ ಜಜ್ಜುವುದೇ ಇಲ್ಲ, ಪೆಟ್ಟು ನೇರ ತಲೆಗೆ ದಾಟುತ್ತದೆ. ನಮ್ಮ ಲೆಕ್ಕದಲ್ಲಿ ದೊಡ್ಡ ಸುಧಾರಣೆ ಓರೆ ಪೆಟ್ಟಿನ ಪರೀಕ್ಷೆ. 45 ಡಿಗ್ರಿ ಇಳಿಜಾರಿಗೆ ಹೆಲ್ಮೆಟ್ ಬಡಿಸಿ, ಒಳಗಿನ ತಲೆ ಎಷ್ಟು ಜೋರಾಗಿ ತಿರುಚಿಕೊಳ್ಳುತ್ತದೆ ಎಂದು ಅಳೆಯುತ್ತಾರೆ. ರಸ್ತೆಯಲ್ಲಿ ಬೀಳುವುದು ಹೆಚ್ಚಾಗಿ ಹೀಗೆ ಓರೆಯಾಗಿಯೇ. ಸ್ಟ್ರಾಪಿಗೆ ಹೊಲಿದ ಲೇಬಲ್‌ನಲ್ಲಿ ವೃತ್ತದೊಳಗೆ ‘ಇ’ ಅಕ್ಷರವೂ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆಯೂ ಇರುತ್ತವೆ, 3 ಇದ್ದರೆ ಇಟಲಿ, 9 ಇದ್ದರೆ ಸ್ಪೇನ್. ಅದರ ಮುಂದಿನ ದೊಡ್ಡ ಸಂಖ್ಯೆ 06ರಿಂದ ಶುರುವಾದರೆ ಹೊಸದು, 05 ಆದರೆ ಹಳೆಯದು. ಕೊನೆಗೆ ‘ಪಿ’ ಇದ್ದರೆ ಗಲ್ಲದ ಭಾಗವೂ ಪರೀಕ್ಷೆಗೆ ಒಳಪಟ್ಟಿದೆ, ‘ಜೆ’ ಎಂದರೆ ಗಲ್ಲ ತೆರೆದಿರುವಂಥದ್ದು. ನಮ್ಮ ಬೆಳಗಾವಿಯ ವೇಗಾದವರ ಆಕ್ಸರ್, ಸ್ಟಡ್ಸ್‌ನವರ ಎಸ್‌ಎಂಕೆ, ಸ್ಪೇನ್ ಮೂಲದ ಎಂಟಿ ಇವುಗಳಲ್ಲಿ ಇಸಿಇ ಲೇಬಲಿನ ಮಾಡೆಲ್‌ಗಳಿವೆ. ಆದರೆ ಬ್ರ್ಯಾಂಡ್ ನಂಬಿ ಕೊಳ್ಳಬೇಡಿ, ಕೈಯಲ್ಲಿರುವ ಹೆಲ್ಮೆಟ್‌ನ ಲೇಬಲ್ ಓದಿ ಕೊಳ್ಳಿ.

ಎಂಟು ಸಾವಿರದ ಹೆಲ್ಮೆಟ್ ಸಡಿಲವಾದರೆ ಬಿಗಿಯಾದ ಒಂದೂವರೆ ಸಾವಿರದ್ದೇ ಮೇಲು. ಹುಬ್ಬಿನಿಂದ ಒಂದು ಇಂಚು ಮೇಲೆ, ಕಿವಿಯ ಮೇಲಿಂದ ಹಾಯಿಸಿ ಹಿಂದಲೆಯ ಉಬ್ಬಿನ ಸುತ್ತ ಟೈಲರ್ ಟೇಪು ಹಿಡಿದು ಅಳೆಯಿರಿ. 580 ಮಿ.ಮೀ. ಬಂದರೆ 580 ಎಂದು ಬರೆದದ್ದನ್ನೇ ಕೇಳಿ. ಎಂ, ಎಲ್ ಅಕ್ಷರಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಹಾಕಿಕೊಂಡಾಗ ಕೆನ್ನೆ ಒಳಕ್ಕೆ ಒತ್ತಬೇಕು, ತಲೆ ಅಲ್ಲಾಡಿಸಿದರೆ ಮುಖದ ಚರ್ಮವೂ ಹೆಲ್ಮೆಟ್ ಜೊತೆ ತಿರುಗಬೇಕು. ಸ್ಟ್ರಾಪ್ ಕಟ್ಟಿ, ಹಿಂದಿನ ಅಂಚನ್ನು ಹಿಡಿದು ಮೇಲಕ್ಕೂ ಮುಂದಕ್ಕೂ ಎಳೆಯಲು ಜೊತೆಗಿದ್ದವರಿಗೆ ಹೇಳಿ. ಕಳಚಿ ಬಂದರೆ ಆ ಸೈಜು ನಿಮಗಲ್ಲ. ಹತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ನಿಲ್ಲಿ, ಹಣೆಯ ಒಂದೇ ಕಡೆ ನೋವು ಶುರುವಾದರೆ ಬೇರೆ ಮಾಡೆಲ್ ನೋಡಿ. ಕೆನ್ನೆಯ ಬಿಗಿಗೆ ಹೆದರಬೇಡಿ, ಬಳಸುತ್ತ ಬಳಸುತ್ತ ಪ್ಯಾಡ್ ಸ್ವಲ್ಪ ಸಡಿಲಾಗುತ್ತದೆ. ‘ಆರಾಮ ಇರಲಿ’ ಎಂದು ಒಂದು ಸೈಜು ದೊಡ್ಡದು ಕೊಡುವ ಅಂಗಡಿಯವರ ಮಾತು ಕೇಳಬೇಡಿ.

ಹಿಂಬದಿ ಕೂರುವ ಹೆಂಗಸರ ಹೆಲ್ಮೆಟ್ ಬಗ್ಗೆ ಯಾರೂ ಇಷ್ಟು ತಲೆಕೆಡಿಸಿಕೊಳ್ಳುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುತ್ತಾರೆ. ಮೇಲೆ ತುರುಬು ಕಟ್ಟಿ ಮಲ್ಲಿಗೆ ಮುಡಿದು ಹೆಲ್ಮೆಟ್ ಏರಿಸಿದರೆ ಅದು ಎರಡು ಬೆರಳು ಎತ್ತರಕ್ಕೆ ಕೂತು ಮುಂದಕ್ಕೆ ವಾಲುತ್ತದೆ, ಸ್ಟ್ರಾಪೂ ಗಲ್ಲಕ್ಕೆ ಸರಿಯಾಗಿ ಸಿಗುವುದಿಲ್ಲ. ಜಡೆ ಕತ್ತಿನ ಕೆಳಗೆ ಬರಲಿ, ಮಲ್ಲಿಗೆ ಚೀಲದಲ್ಲಿ ಹೋಗಲಿ. ಗಟ್ಟಿ ಕ್ಲಿಪ್ಪನ್ನಂತೂ ತೆಗೆಯಲೇಬೇಕು, ಪೆಟ್ಟು ಬಿದ್ದಾಗ ಅದು ನೇರ ತಲೆಬುರುಡೆಗೆ ಒತ್ತುತ್ತದೆ.

ಜೂನ್ ಬಂತೆಂದರೆ ಇಲ್ಲಿ ಹೆಲ್ಮೆಟ್‌ನ ನಿಜವಾದ ಪರೀಕ್ಷೆ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಪಣಂಬೂರಿನ ಲಾರಿಗಳು ಎರಚುವ ಕೆಸರು, ಗ್ಲಾಸಿನ ಒಳಗೆ ಉಸಿರಿನ ಮಂಜು. ಪಿನ್‌ಲಾಕ್ ಎಂಬ ಮಂಜು ತಡೆಯುವ ಒಳಪದರ ಹಾಕಲು ಎರಡು ಪಿನ್ ಇರುವ ಗ್ಲಾಸ್ ಆರಿಸಿ, ಅದನ್ನು ಬಿಗಿದರೆ ಮಂಜು ಹಿಡಿಯುವುದು ಬಹಳ ಕಡಿಮೆ. ದುಬಾರಿ ಹೆಲ್ಮೆಟ್‌ಗೆ ಕೊಟ್ಟ ಹಣ ದಿನನಿತ್ಯ ವಸೂಲಾಗುವುದು ಇಲ್ಲಿಯೇ. ಕಪ್ಪು, ಕನ್ನಡಿ ಬಣ್ಣದ ಗ್ಲಾಸ್ ಮಳೆಗಾಲದ ಸಂಜೆಗೆ ಅಪಾಯ, ಬಣ್ಣವಿಲ್ಲದ ಪಾರದರ್ಶಕ ಗ್ಲಾಸೇ ಇರಲಿ. ಮರವಂತೆಯಲ್ಲಿ ಕಡಲ ಪಕ್ಕ ಹಾದು ಬಂದ ಮೇಲೆ ಗ್ಲಾಸಿನ ಮೇಲೆ ಉಪ್ಪು, ಮರಳು ಕೂತಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಖಂಡಿತ. ಮೊದಲು ನೀರು ಹಾಕಿ ತೊಳೆದು, ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ಚಿಪ್ಪಿನ ಪ್ಲಾಸ್ಟಿಕ್ ಒಳಗೊಳಗೇ ಬಿರಿಯುತ್ತದೆ.

ಒದ್ದೆ ಹೆಲ್ಮೆಟನ್ನು ಡಿಕ್ಕಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಳಬಟ್ಟೆ ಬಿಚ್ಚಿ ತೊಳೆಯಲು ಬರುವ ಮಾಡೆಲನ್ನೇ ಕೊಳ್ಳಿ, ಶಾಂಪೂ ಹಾಕಿ ತೊಳೆದು ಫ್ಯಾನಿನ ಗಾಳಿಗೆ ಒಣಗಿಸಿ. ಬಚ್ಚಲ ಒಲೆಯ ಹತ್ತಿರ ಬೇಡ, ಕಾವಿಗೆ ಥರ್ಮಾಕೋಲ್ ಕುಗ್ಗುತ್ತದೆ. ಕನ್ನಡಿಗೆ ಸಿಕ್ಕಿಸುವ ಅಭ್ಯಾಸದಿಂದ ನೆತ್ತಿಯ ಥರ್ಮಾಕೋಲ್ ಗುಳಿ ಬೀಳುತ್ತದೆ. ಸ್ಟ್ರಾಪ್ ಚಿಪ್ಪಿಗೆ ಸೇರುವ ರಿವೆಟ್ ಸುತ್ತ ಕಂದು ಕಲೆ ಕಂಡರೆ ಉಪ್ಪುಗಾಳಿ ಕೆಲಸ ಶುರುಮಾಡಿದೆ ಎಂದರ್ಥ, ಅಲ್ಲಿ ಅಲುಗಾಟ ಉಂಟೋ ನೋಡಿ. ಒತ್ತಿದರೆ ಬಿಚ್ಚುವ ಪ್ಲಾಸ್ಟಿಕ್ ಲಾಕಿಗಿಂತ, ಎರಡು ಲೋಹದ ಬಳೆಗಳಲ್ಲಿ ಸ್ಟ್ರಾಪ್ ಪೋಣಿಸಿ ಎಳೆಯುವ ಡಬಲ್ ಡಿ-ರಿಂಗ್ ನಮ್ಮ ಆಯ್ಕೆ. ಅದರಲ್ಲಿ ಮುರಿಯುವ ಸಣ್ಣ ಭಾಗಗಳಿಲ್ಲ, ಪ್ರತಿ ಸಲವೂ ಗಲ್ಲಕ್ಕೆ ಸರಿಯಾಗಿ ಬಿಗಿಯಾಗುತ್ತದೆ.

ದುಡ್ಡು ಕೊಡುವ ಮುಂಚೆ ಎರಡು ವಿಷಯ ಕೇಳಿ. ಆ ಮಾಡೆಲಿನ ಬಿಡಿ ಗ್ಲಾಸ್ ಇಲ್ಲೇ ಸಿಗುತ್ತದೋ, ತರಿಸಬೇಕೋ. ಮತ್ತೆ, ಒಳಗಿನ ಲೇಬಲ್‌ನಲ್ಲಿ ತಯಾರಾದ ವರ್ಷ ಯಾವುದು. ಸಾಮಾನ್ಯವಾಗಿ ಐದು ವರ್ಷಕ್ಕೆ ಬದಲಾಯಿಸಬೇಕಾದ ವಸ್ತು ಇದು. ಮೂರು ವರ್ಷ ಗೋದಾಮಿನಲ್ಲಿದ್ದದ್ದಕ್ಕೆ ಅರ್ಧ ಬೆಲೆ ಹೇಳಿದರೂ ಹೊಸ ಸ್ಟಾಕ್ ತೋರಿಸಲು ಹೇಳಿ.